ನಮ್ಮೂರಿನ ಜನತೆ

ನಮ್ಮೂರಿನ ಜನತೆಗೆ ಆಗ ಎಪ್ಪತ್ತಾರು ವರ್ಷ. ಬಲಗಾಲಿನ ಮಂಡಿ ನೋವು, ಕಿವಿ ಚುರುಕು, ಬಾಯಲ್ಲಿ ಉಳಿದ ಹಲ್ಲು ಒಂಬತ್ತು. ಇದನ್ನೆಲ್ಲ ನಾನು ಊಹಿಸಿ ಹೇಳುತ್ತಿಲ್ಲ. ಆರೋಗ್ಯ ಖಾತೆಯವರು ಪ್ರತಿ ಸೋಮವಾರ ಚೌಕದ ಗೋಡೆಗೆ ಅಂಟಿಸುತ್ತಿದ್ದ ಪ್ರಕಟಣೆಯಲ್ಲೇ ಹಾಗಿರುತ್ತಿತ್ತು: ‘ಜನತೆಯ ಹಲ್ಲು ಒಂಬತ್ತು, ಕಳೆದ ವಾರದಷ್ಟೇ. ಪರಿಸ್ಥಿತಿ ಸ್ಥಿರವಾಗಿದೆ.’ ಅದನ್ನು ಓದಿ ನಾವು ನಾನ್ನೂರ ಹನ್ನೆರಡು ಮಂದಿ ಮಂತ್ರಿಗಳು ಸಮಾಧಾನದ ಉಸಿರು ಬಿಟ್ಟು ನಮ್ಮ ನಮ್ಮ ಖಾತೆಗಳಿಗೆ ಹೋಗುತ್ತಿದ್ದೆವು.

ಇದು ಹೀಗೆ ಹೇಗಾಯಿತೆಂದು ಕೇಳಿದರೆ ನೆಟ್ಟಗೆ ಹೇಳಲು ನನಗೆ ಬಾರದು. ನಮ್ಮ ತಾತನ ಕಾಲದಲ್ಲಿ ಸಂಪುಟದಲ್ಲಿ ಹನ್ನೊಂದೇ ಖಾತೆಗಳಿದ್ದವಂತೆ, ಜನತೆ ಬೀದಿ ತುಂಬ ಇತ್ತಂತೆ. ದುಡಿಯುವವರದೇ ಸರ್ಕಾರವಾದ್ದರಿಂದ ಹೊಸ ಖಾತೆ ತೆರೆದಾಗಲೆಲ್ಲ ಮಂತ್ರಿಯನ್ನು ಜನತೆಯೊಳಗಿಂದಲೇ ಆರಿಸಬೇಕು. ಇಟ್ಟಿಗೆ ಖಾತೆ ಒಡೆದು ಹಸಿ ಇಟ್ಟಿಗೆ, ಸುಟ್ಟ ಇಟ್ಟಿಗೆ ಎಂದು ಎರಡಾಯಿತು. ಹೊಳೆಯೇ ಇಲ್ಲದ ಊರಿಗೆ ಸೇತುವೆ ಖಾತೆ ಬಂತು, ಅದರ ಬೆನ್ನಿಗೇ ಸೇತುವೆ ದುರಸ್ತಿ ಖಾತೆಯೂ ಬಂತು. ಮೇಲೆ ಹೋದವರು ಕೆಳಗಿಳಿಯುವಂತಿಲ್ಲ; ಇಳಿಸಿದರೆ ಏರಿಸಿದ್ದೇ ತಪ್ಪೆಂದು ಒಪ್ಪಿಕೊಂಡ ಹಾಗಾಗುತ್ತದೆ, ಸರ್ಕಾರ ತಪ್ಪು ಮಾಡುವುದಿಲ್ಲ. ಮಕ್ಕಳು ಹದಿನೆಂಟು ತುಂಬುವ ತನಕ ಲೆಕ್ಕಕ್ಕಿಲ್ಲ. ತುಂಬಿದ ಮೇಲೆ ಬರುವ ಒಂದನೇ ತಾರೀಖು ಅವರಿಗೆಂದೇ ಒಂದು ಖಾತೆ ಹುಟ್ಟುತ್ತದೆ. ಹೀಗೆ ಎಲ್ಲರೂ ಏರಿ ಏರಿ ಕೊನೆಗೆ ಕೆಳಗೆ ಉಳಿದವಳು ಹಾಲವ್ವ ಒಬ್ಬಳೇ. ದೊಡ್ಡ ವಿಸ್ತರಣೆಯ ದಿನ, ಎಂಬತ್ತೇಳು ಮಂದಿ ಒಟ್ಟಿಗೆ ಪ್ರಮಾಣ ವಚನ ತೆಗೆದುಕೊಂಡ ದಿನ, ಅವಳು ಜ್ವರ ಬಂದು ಕಂಬಳಿ ಹೊದ್ದು ಮಲಗಿದ್ದಳು. ಜ್ವರ ಬಿಟ್ಟು ಎದ್ದು ಬಾಗಿಲಿಗೆ ಬರುವಷ್ಟರಲ್ಲಿ ಜನತೆ ಎಂದರೆ ಅವಳೇ ಆಗಿಬಿಟ್ಟಿದ್ದಳು.

ನಮ್ಮ ಸಭಾಂಗಣದ ಹಿಂದಿನ ಗೋಡೆಯನ್ನು ಮೂರು ಸಲ ಒಡೆದು ಹಿಂದಕ್ಕೆ ಕಟ್ಟಿದ್ದಾರೆ. ಮೊದಲ ಸಾಲಿನಲ್ಲಿ ಅಧ್ಯಕ್ಷರು, ಮೂವರು ಪ್ರಥಮ ಉಪಾಧ್ಯಕ್ಷರು, ಹತ್ತೊಂಬತ್ತು ಮಂದಿ ಬರೀ ಉಪಾಧ್ಯಕ್ಷರು. ಅವರ ಹಿಂದೆ ಉಕ್ಕು, ಕಲ್ಲಿದ್ದಲು, ಕೃಷಿ ಮೊದಲಾದ ಹಳೆಯ ತೂಕದ ಖಾತೆಗಳು. ನಡುವೆ ರಾಜ್ಯ ಸಮಿತಿಗಳು. ಗೋಡೆಗೆ ಬೆನ್ನು ಒತ್ತಿಕೊಂಡು ನಮ್ಮಂಥವರು. ನನ್ನ ಕುರ್ಚಿ ಇಪ್ಪತ್ತೊಂದನೇ ಸಾಲಿನಲ್ಲಿ, ಏಣಿ ಖಾತೆಗೂ ಸರದಿ ಖಾತೆಗೂ ನಡುವೆ. ನನ್ನ ಹೆಂಡತಿ ಸಾಕಮ್ಮ ದಾರದ ಖಾತೆಯ ಮಂತ್ರಿ. ಅವಳು ನನಗಿಂತ ಮೂರು ಸಾಲು ಮುಂದೆ. ಮನೆಯಲ್ಲೂ ಅವಳು ಅಷ್ಟೇ ಮುಂದಿದ್ದಳು, ಅದು ಬೇರೆ ಮಾತು.

ಮಂತ್ರಿಗಳು ಎಂದ ಕೂಡಲೇ ಕೂತು ಉಣ್ಣುವವರು ಎಂದುಕೊಳ್ಳಬೇಡಿ. ರೊಟ್ಟಿ ಖಾತೆಯ ಮಂತ್ರಿ ಬೆಳಕು ಹರಿಯುವ ಮುಂಚೆ ಒಲೆಯ ಮುಂದೆ ಕೂತು ರೊಟ್ಟಿ ತಟ್ಟಬೇಕು, ಬೇರೆ ಯಾರಿದ್ದಾರೆ? ಅವನೂ ಅವನ ಉಪಮಂತ್ರಿಗಳೂ ದಿನಕ್ಕೆ ಸಾವಿರ ರೊಟ್ಟಿ ಸುಡುತ್ತಿದ್ದರು, ಸಾವಿರವೂ ಜನತೆಗಾಗಿಯೇ. ಜನತೆ ಒಂದೂವರೆ ತಿನ್ನುತ್ತಿದ್ದಳು. ಉಳಿದದ್ದನ್ನು ನಾವು ಗುಣ ಪರೀಕ್ಷೆಗೆಂದು ಮನೆಗಳಿಗೆ ಒಯ್ಯುತ್ತಿದ್ದೆವು. ನನ್ನ ಮೈಮೇಲಿನ ಅಂಗಿ, ಮಲಗುವ ಚಾಪೆ, ಮಳೆಗಾಲದ ಕೊಡೆ ಎಲ್ಲವೂ ಪರೀಕ್ಷೆಗೆ ತಂದ ಮಾದರಿಗಳೇ. ಈ ಹೊಟ್ಟೆಯನ್ನೂ ನಾನು ಪರೀಕ್ಷೆ ಮಾಡಿ ಮಾಡಿಯೇ ಬೆಳೆಸಿದ್ದು. ಜನತೆಯಿದ್ದರೆ ಮಾತ್ರ ಒಲೆ ಹೊತ್ತಿಸಲು ಕಾರಣ, ಒಲೆ ಹೊತ್ತಿದರೆ ಮಾತ್ರ ನಮಗೆ ಮಾದರಿ. ಈ ಮಾತನ್ನು ಊರಿನಲ್ಲಿ ಯಾರೂ ಬಾಯಿಬಿಟ್ಟು ಆಡುತ್ತಿರಲಿಲ್ಲ, ಆದರೆ ಸೋಮವಾರದ ಹಲ್ಲಿನ ಪ್ರಕಟಣೆಯನ್ನು ಯಾರೂ ಓದದೆ ಮುಂದೆ ಹೋಗುತ್ತಿರಲಿಲ್ಲ.

ನನ್ನದು ಅಹವಾಲು ಖಾತೆ. ಬೆಳಿಗ್ಗೆ ಹನ್ನೊಂದಕ್ಕೆ ಕಿಟಕಿ ತೆರೆಯುತ್ತಿದ್ದೆ. ಸರದಿ ಖಾತೆಯ ಮಂತ್ರಿ ನೆಲದ ಮೇಲೆ ಸುಣ್ಣದ ಗೆರೆ ಎಳೆದು ಹಾಲವ್ವನನ್ನು ಅದರ ಹಿಂದೆ ನಿಲ್ಲಿಸುತ್ತಿದ್ದ. ಅವಳ ಮುಂದೆ ಒಂದು ನರಪಿಳ್ಳೆ ಇಲ್ಲದಿದ್ದರೂ ಅರ್ಧ ಗಂಟೆ ಕಾಯಿಸಿಯೇ ಬಿಡುತ್ತಿದ್ದ; ಸರದಿ ಎಂದ ಮೇಲೆ ಕಾಯಬೇಕಲ್ಲ. ಆಮೇಲೆ ನಾನು ನಿಯಮದಂತೆ ಕೇಳುತ್ತಿದ್ದೆ: “ಜನತೆಯ ಅಹವಾಲೇನು?” ಅವಳು ಕಿಟಕಿಯ ಕಟ್ಟೆಗೆ ಮೊಣಕೈ ಊರಿ, “ಸಾರಿಗೆ ಉಪ್ಪು ಜಾಸ್ತಿ ಕಣಪ್ಪ, ಬರ್ಕೋ” ಎನ್ನುತ್ತಿದ್ದಳು. ಮರುದಿನ ಉಪ್ಪು ಕಡಿಮೆ. ಅದರ ಮರುದಿನ ಚಪ್ಪಲಿ ಕಚ್ಚುತ್ತದೆ. ಬಹಳ ದಿನಗಳ ಮೇಲೆ ನನಗೆ ತಿಳಿಯಿತು, ಅವಳು ಸಾರಿಗೆ ಉಪ್ಪನ್ನೇ ಹಾಕಿಕೊಳ್ಳುತ್ತಿರಲಿಲ್ಲ. “ಏನೋ ಒಂದು ಹೇಳ್ಬೇಕಲ್ಲಪ್ಪ. ನೀನೂ ಹೆಂಡ್ರು ಮಕ್ಕಳಿರೋನು, ಬೆಳಗಾಗೆದ್ದು ಕಿಟಕಿ ತಕ್ಕೊಂಡು ಕೂತಿರ್ತೀಯ” ಎಂದಳು ಒಮ್ಮೆ. ಮತ್ತೊಮ್ಮೆ, “ಎಲ್ಲಾರೂ ಪಲ್ಲಕ್ಕಿ ಹತ್ತಿದ್ರೆ ಹೊರೋರು ಯಾರು ಅಂತಿದ್ಲು ನಮ್ಮವ್ವ. ನೋಡು, ಹೊರಾಕೆ ನಾನೊಬ್ಳು ಉಳ್ಕೊಂಡೆ” ಎಂದು ಒಂಬತ್ತು ಹಲ್ಲೂ ಕಾಣುವ ಹಾಗೆ ನಕ್ಕಳು.

ಜನತೆಗೆ ಹೆಸರಿರಲಿಲ್ಲ, ನೆಂಟರಿರಲಿಲ್ಲ. ಒಬ್ಬ ಮಂತ್ರಿಗೆ ಜನತೆ ಅಕ್ಕನೋ ಅತ್ತೆಯೋ ಆದರೆ ಉಳಿದ ನಾನ್ನೂರ ಹನ್ನೊಂದು ಮಂದಿಗೆ ಅನ್ಯಾಯವಾದಂತೆ ಎಂಬುದು ನಿಯಮ. ಹಾಲವ್ವನ ಸ್ವಂತ ತಮ್ಮ ಮೊದಲ ಸಾಲಿನ ಉಪಾಧ್ಯಕ್ಷ. ದಾರಿಯಲ್ಲಿ ಎದುರಾದರೆ, “ಜನತೆಗೆ ನಮಸ್ಕಾರ” ಎಂದು ಟೋಪಿ ಮುಟ್ಟಿ ಮುಂದೆ ಹೋಗುತ್ತಿದ್ದ. ಒಂದು ದಿನ ಅವಳು ಕಿಟಕಿಗೆ ಬಂದು, “ಇವತ್ತಿಂದು ನಿಜವಾದ್ದು ಪಾಲಯ್ಯ. ನನ್ನ ಹೆಸರು ಹಿಡ್ದು ಕರೆಯೋರು ಒಬ್ರೂ ಇಲ್ಲ. ಹಿಂಗೇ ಹೋದ್ರೆ ನನಗೇ ಮರ್ತೋಗ್ತದೆ. ಬರ್ಕೋ” ಎಂದಳು. ಬರೆದುಕೊಂಡೆ. ಏಳು ತಿಂಗಳ ಮೇಲೆ ಉತ್ತರ ಬಂತು: ‘ಪರಿಶೀಲಿಸಲಾಗಿದೆ. ಜನತೆಗೆ ಪ್ರತ್ಯೇಕ ಹೆಸರಿನ ಅಗತ್ಯ ಕಂಡುಬಂದಿಲ್ಲ.’ ಓದಿ ಹೇಳಿದೆ. “ಹೋಗ್ಲಿ ಬಿಡು” ಎಂದು ಹೋದಳು. ಕಿಟಕಿಯಿಂದ ಬಗ್ಗಿ ಒಂದು ಸಲ ‘ಹಾಲವ್ವಾ’ ಎಂದಿದ್ದರೆ ನನ್ನ ಗಂಟೇನೂ ಹೋಗುತ್ತಿರಲಿಲ್ಲ. ಸರದಿ ಖಾತೆಯವನು ಸುಣ್ಣದ ಡಬ್ಬಿ ಹಿಡಿದು ಅಲ್ಲೇ ನಿಂತಿದ್ದ, ನಾನು ಅನ್ನಲಿಲ್ಲ.

ಆ ವರ್ಷ ನನ್ನ ಮಗಳು ನಾಗವೇಣಿಗೆ ಹದಿನೆಂಟು ತುಂಬಿತು. ನಾವು ವೇಣಿ ಎನ್ನುತ್ತಿದ್ದೆವು. ಅವಳಿಗೆ ಬೀಜಗಳ ಹುಚ್ಚು. ಹೀರೆ, ಕುಂಬಳ, ತೊಗರಿ, ಹೆಸರೇ ಗೊತ್ತಿಲ್ಲದ ಬೇಲಿಯ ಬಳ್ಳಿಗಳು, ಎಲ್ಲದರ ಬೀಜವನ್ನೂ ಖಾಲಿ ಬೆಂಕಿಪೊಟ್ಟಣಗಳಲ್ಲಿ ತುಂಬಿ ಮೇಲೆ ತಾರೀಖು ಬರೆದು ಕಿಟಕಿಯ ಪಕ್ಕ ಜೋಡಿಸಿದ್ದಳು. ನಾನು ವರ್ಷಕ್ಕೆ ಮುಂಚೆಯೇ ಅರ್ಜಿ ಕೊಟ್ಟು, ಕಾರ್ಯದರ್ಶಿಯ ಬಾಗಿಲು ಸವೆಸಿ, ಅವಳಿಗೆ ಬೀಜ ಖಾತೆಯೆಂದು ಮಾತು ತೆಗೆದುಕೊಂಡಿದ್ದೆ. ಬರುವ ಒಂದನೇ ತಾರೀಖಿಗೆ ಇನ್ನು ಹದಿಮೂರು ದಿನವಿತ್ತು.

ಅವತ್ತು ಕಿಟಕಿಗೆ ಬಂದ ಹಾಲವ್ವ, “ಎದೆ ಭಾರ ಕಣಪ್ಪ” ಎಂದಳು. ಮುಖ ನೋಡಿದರೆ ಇದು ಉಪ್ಪಿನ ಹಾಗಲ್ಲವೆಂದು ತಿಳಿಯಿತು. ಅಹವಾಲನ್ನು ಕೆಂಪು ಚೀಟಿ ಹಚ್ಚಿ ಆರೋಗ್ಯ ಖಾತೆಗೆ ನಾನೇ ಓಡಿಕೊಂಡು ಹೋಗಿ ಕೊಟ್ಟೆ. ಅವರು ಓದಿ, ಭಾರ ಎಂದಿರುವುದರಿಂದ ಇದು ತೂಕ ಮತ್ತು ಅಳತೆ ಖಾತೆಗೆ ಸೇರಿದ್ದು ಎಂದರು. ತೂಕದವರು ತಕ್ಕಡಿ ಹೊತ್ತು ತಂದು ತೂಗಿ, ‘ಜನತೆಯ ಭಾರ ಮೂವತ್ತೆಂಟು ಕಿಲೋ, ಹೆಚ್ಚಾಗಿಲ್ಲ’ ಎಂದು ಬರೆದು ಹೋದರು. ಒಳಗಿನ ನೋವಾದ್ದರಿಂದ ಒಳಾಡಳಿತಕ್ಕೆ ಹೋಗಲಿ ಎಂದು ಇನ್ನೊಬ್ಬರು. ಒಟ್ಟು ಹನ್ನೊಂದು ಖಾತೆಗಳು ಸೇರಿ ಇದು ಯಾರ ವ್ಯಾಪ್ತಿಗೆ ಬರುತ್ತದೆ ಎಂದು ತೀರ್ಮಾನಿಸಲು ಒಂದು ಸಮಿತಿ ಮಾಡಿದರು. ಊರಿನಲ್ಲಿ ಔಷಧಿ ಕೊಡಬಲ್ಲ ಕೈಗಳು ಇರಲಿಲ್ಲವೆಂದಲ್ಲ. ಕಷಾಯ ಕಾಯಿಸುವುದು ಎಲ್ಲರಿಗೂ ಬರುತ್ತಿತ್ತು. ತನ್ನದಲ್ಲದ ಖಾತೆಗೆ ಕೈಹಾಕುವ ಎದೆ ಮಾತ್ರ ಯಾರಿಗೂ ಇರಲಿಲ್ಲ.

ಮೂರನೇ ದಿನ ಅವಳು ಹಾಸಿಗೆ ಹಿಡಿದಳು. ಅಹವಾಲು ಕೇಳುವ ನೆಪದಲ್ಲಿ ನಾನು ಜನತೆಯ ಮನೆಗೇ ಹೋದೆ. ಮಂಚದ ಕಾಲಬುಡದಲ್ಲಿ ಐದಾರು ಮಂತ್ರಿಗಳು ಕಡತ ಹಿಡಿದು ನಿಂತಿದ್ದರು. ಅವರು ಹೊರಗೆ ಹೋದ ಹೊತ್ತು ನೋಡಿ ಅವಳು ನನ್ನನ್ನು ಹತ್ತಿರ ಕರೆದು, “ನಿನ್ನ ಮಗಳಿಗೆ ಖಾತೆ ಆಯ್ತಾ?” ಎಂದು ಕೇಳಿದಳು.

“ಇನ್ನೂ ಇಲ್ಲವ್ವ. ಒಂದನೇ ತಾರೀಖು. ಇನ್ನು ಹತ್ತು ದಿನ.”

“ಹಂಗಾದ್ರೆ ಹತ್ತು ದಿನ ನಾನು ಸಾಯೋ ಹಂಗಿಲ್ಲ ಬಿಡು.”

ಅಲ್ಲಿಯ ತನಕ ಆ ಯೋಚನೆ ನನಗೆ ಬಂದೇ ಇರಲಿಲ್ಲ ಎಂದರೆ ಸುಳ್ಳು. ಬಂದಿತ್ತು, ನಾನು ಅದರ ಕಡೆ ತಿರುಗಿ ನೋಡಿರಲಿಲ್ಲ. ಊರಿನಲ್ಲಿ ಹದಿನೆಂಟು ತುಂಬಿಯೂ ಖಾತೆಯಿಲ್ಲದೆ ಇದ್ದವಳು ವೇಣಿ ಒಬ್ಬಳೇ. ಜನತೆ ಇವತ್ತು ಇಲ್ಲವಾದರೆ ನಾಳೆ ಜನತೆ ಯಾರೆಂದು ಹೇಳಲು ಜೋಯಿಸರು ಬೇಕಿರಲಿಲ್ಲ. “ಆ ಕೂಸಿಗೆ ಈ ಹಣೆಬರಹ ಬ್ಯಾಡ. ಮುಂದಿಂದು ಯಾರ್ದೋ, ನನಗ್ಗೊತ್ತಿಲ್ಲ. ಇವಳಿಗಂತೂ ಬ್ಯಾಡ. ಒಂದಿಷ್ಟು ಗಂಜಿ ಕೊಡ್ಸು” ಎಂದಳು ಹಾಲವ್ವ. ಗಂಜಿ ಕುಡಿದಳು. ಮಂಚದ ಪಕ್ಕದ ಗೋಡೆಯ ಮೇಲೆ ಇದ್ದಿಲಿನಿಂದ ಹತ್ತು ಗೀಟು ಎಳೆಸಿದಳು. ದಿನಕ್ಕೊಂದು ಅಳಿಸಬೇಕು.

ನಾನು ಸಂಪುಟ ಕಾರ್ಯದರ್ಶಿ ಗವಿಸಿದ್ದಪ್ಪನವರ ಹತ್ತಿರ ಓಡಿದೆ. ಸಭೆಯ ಕಾರ್ಯಸೂಚಿ ಬರೆಯುವವರು ಅವರೇ, ತೆಳ್ಳಗಿನ ಮನುಷ್ಯ, ಧ್ವನಿ ಎತ್ತಿದ್ದನ್ನು ಯಾರೂ ಕೇಳಿಲ್ಲ. “ಮಗಳ ಪ್ರಮಾಣ ವಚನ ನಾಲ್ಕು ದಿನ ಮುಂಚೆ ಮಾಡಿಸಿಬಿಡಿ, ನಿಮ್ಮ ಕಾಲಿಗೆ ಬೀಳ್ತೀನಿ” ಎಂದೆ. ಅವರು ಕನ್ನಡಕ ಒರೆಸಿಕೊಂಡು, “ಒಂದನೇ ತಾರೀಖು ಅಂದ್ರೆ ಒಂದನೇ ತಾರೀಖು, ಪಾಲಯ್ಯನೋರೆ. ತಾರೀಖು ನನ್ನ ಕೈಲಿಲ್ಲ, ಪಂಚಾಂಗದ ಖಾತೇಲಿದೆ” ಎಂದರು. ಪಂಚಾಂಗ ಖಾತೆಯವರು ಕಾರ್ಯದರ್ಶಿಗಳನ್ನು ಕೇಳಿ ಎಂದರು.

ಸಾಕಮ್ಮ ಮಾತ್ರ ಯಾರನ್ನೂ ಕೇಳಲಿಲ್ಲ. ತನ್ನ ಖಾತೆಯನ್ನು ಬಿಟ್ಟು ಹಾಲವ್ವನ ಮನೆ ಸೇರಿದಳು. ದಾರದ ಪರೀಕ್ಷೆ ಎಂದು ಹೇಳಿಕೊಂಡು ಅವಳ ಕಂಬಳಿ ಹೊಲಿಯುತ್ತ ಕೂತು, ಕದ್ದು ಕಷಾಯ ಕುಡಿಸಿದಳು. ಗೋಡೆಯ ಮೇಲೆ ಗೀಟುಗಳು ಎಂಟಾದವು, ಆರಾದವು, ನಾಲ್ಕಾದವು. ಹಾಲವ್ವನ ಉಸಿರು ಗೊರಗೊರ ಎನ್ನುತ್ತಿತ್ತು, ಆದರೂ ಪ್ರತಿ ಬೆಳಿಗ್ಗೆ ಕಣ್ಣುಬಿಟ್ಟ ಕೂಡಲೇ ಗೋಡೆಯ ಕಡೆ ತಿರುಗಿ “ಅಳಿಸು” ಎನ್ನುತ್ತಿದ್ದಳು. ಅಷ್ಟು ಹಟ ಹಿಡಿದು ಬದುಕಿದವರನ್ನು ನಾನು ನೋಡಿಲ್ಲ. ನಮ್ಮ ಸರ್ಕಾರ ಆ ಮುದುಕಿಗೆ ಮಾಡಿದ್ದಕ್ಕೆ ಅವಳು ನಮ್ಮ ಮಗಳಿಗೆ ಕೊಟ್ಟಿದ್ದು ಇದು. ಮೂರು ಗೀಟು ಉಳಿದಿದ್ದಾಗ, ಮಧ್ಯಾಹ್ನದ ಹೊತ್ತಿನಲ್ಲಿ, ಸಾಕಮ್ಮನ ಕೈ ಹಿಡಿದುಕೊಂಡೇ ಹೋಗಿಬಿಟ್ಟಳು. ನಾನು ಹೋಗಿ ಹೆಸರು ಹಿಡಿದು ಕರೆದೆ. ಮೂರು ಸಲ ಕರೆದೆ. ಸತ್ತ ಮೇಲೆ ಕರೆಯಲು ಯಾವ ಧೈರ್ಯ ಬೇಕು?

ಅರ್ಧ ಗಂಟೆಯೊಳಗೆ ಊರಿನ ಒಲೆಗಳೆಲ್ಲ ಆರಿದವು. ಯಾರಿಗಾಗಿ ಸುಡಬೇಕು? ಗಿರಣಿ ನಿಂತಿತು, ಮಗ್ಗ ನಿಂತವು, ಬಾವಿಯ ರಾಟೆಗೆ ಬೀಗ ಬಿತ್ತು. ಆ ದಿನ ಹಿಂದಿನ ಮಾದರಿಗಳಲ್ಲಿ ಕಳೆಯಿತು. ಎರಡನೇ ದಿನ ಮನೆಮನೆಯಲ್ಲೂ ಮಕ್ಕಳು ಅಳುವುದು ಕೇಳುತ್ತಿತ್ತು. ರಸ್ತೆಯಲ್ಲಿ ಸಿಕ್ಕವರು ನನ್ನ ಮುಖ ನೋಡುತ್ತಿರಲಿಲ್ಲ. ನಾನು ದಾಟಿದ ಮೇಲೆ ಬೆನ್ನು ನೋಡುತ್ತಿದ್ದರು. ಸಂಜೆ ಗವಿಸಿದ್ದಪ್ಪನವರು ತಾವೇ ನಮ್ಮ ಮನೆಗೆ ಬಂದರು. ಹೊಸ್ತಿಲ ಹೊರಗೇ ನಿಂತು, “ಒಂದನೇ ತಾರೀಖಿನ ತನಕ ಕಾಯೋ ಹಂಗಿಲ್ಲ, ನಾಳೆನೇ ಸಭೆ. ನಿಮ್ಮ ಮಗಳದು ಮೂರನೇ ವಿಷಯ. ನಿಮಗೆ ಮುಂಚೆ ತಿಳಿಸೋದು ನನ್ನ ಧರ್ಮ” ಎಂದರು. ಒಳಗೆ ವೇಣಿ ಬೀಜ ಖಾತೆಯ ಫಲಕಕ್ಕೆ ಬಣ್ಣ ಬಳಿಯುತ್ತಿದ್ದಳು.

ನಮ್ಮ ಸಂಪುಟದಲ್ಲಿ ಬಹುಮತ ಎಂಬುದಿಲ್ಲ. ನಿರ್ಣಯವಾಗಬೇಕಾದರೆ ಎಲ್ಲ ಕೈಗಳೂ ಏಳಬೇಕು. ಒಂದು ಕೈ ಕೆಳಗೆ ಉಳಿದರೂ ವಿಷಯ ಬಿದ್ದುಹೋಗುತ್ತದೆ. ನಾನು ಮಂತ್ರಿಯಾದ ಇಪ್ಪತ್ತಾರು ವರ್ಷಗಳಲ್ಲಿ ಯಾವ ವಿಷಯವೂ ಬಿದ್ದಿರಲಿಲ್ಲ. ವೇಣಿ ಹಿತ್ತಲ ಬೇಲಿಯ ಕಡೆ ಹೋಗಿದ್ದಾಗ ಸಾಕಮ್ಮ ಬಾಗಿಲು ಹಾಕಿ, “ಏನ್ರೀ, ಒಂದು ಕೈ ಸಾಕಲ್ವಾ?” ಎಂದಳು. “ಎರಡಿವೆ ನಮ್ಮ ಹತ್ರ, ನಿಂದು, ನಂದು” ಎಂದೆ. ಆಮೇಲೆ ಏನು ಮಾಡುತ್ತಾರೋ ಮಾಡಲಿ, ಊರೇ ಉಪವಾಸ ಬೀಳಲಿ, ನಮ್ಮನ್ನು ಕಲ್ಲು ಹೊಡೆದು ಕೊಲ್ಲಲಿ, ಕೈ ಎತ್ತುವುದಿಲ್ಲ ಎಂದು ಇಬ್ಬರೂ ದೀಪ ಮುಟ್ಟಿ ಹೇಳಿದೆವು. ಮದುವೆಯಾದ ಇಷ್ಟು ವರ್ಷಗಳಲ್ಲಿ ನಾವಿಬ್ಬರು ಅಷ್ಟು ಒಂದಾಗಿದ್ದು ಅದೊಂದೇ ಸಲ.

ಸಭೆಗೆ ಹೊರಡುವಾಗ ವೇಣಿ ಸೀರೆ ಉಟ್ಟುಕೊಂಡು ಬಂದಳು. ಸಾಕಮ್ಮನ ಹಸಿರು ಸೀರೆ. ನೆರಿಗೆ ಸರಿಯಾಗಿ ಕೂತಿರಲಿಲ್ಲ, ಸಾಕಮ್ಮ ದಾರಿಯಲ್ಲೇ ಬಗ್ಗಿ ಸರಿಮಾಡಿದಳು. ಊರಿನ ಮಾತು ಹುಡುಗಿಯ ಕಿವಿಗೂ ಬಿದ್ದಿತ್ತು. “ಅಪ್ಪ, ಒಂದು ಕೈ ಎತ್ತದೆ ಇದ್ರೂ ಆಗಲ್ಲ ಅಲ್ವಾ?” ಎಂದಳು. “ಆಗಲ್ಲ” ಎಂದೆ. “ಹಂಗಾದ್ರೆ ನೀವಿಬ್ರೂ ಇದೀರಲ್ಲ” ಎಂದು ಸಭಾಂಗಣದ ಮೆಟ್ಟಿಲ ಮೇಲೆ ಆರಾಮಾಗಿ ಕೂತಳು.

ನಮ್ಮಲ್ಲಿ ಕೈ ಎತ್ತುವುದಕ್ಕೆ ಒಂದು ಪದ್ಧತಿಯಿದೆ. ಕಾರ್ಯದರ್ಶಿ ವಿಷಯವನ್ನು ಪೂರ್ತಿ ಓದುವ ಮೊದಲೇ ಕೈಗಳು ಏಳುತ್ತವೆ. ಕಡೆಯಲ್ಲಿ ಎತ್ತಿದವನ ಹೆಸರನ್ನು ಏಕಮತ ಖಾತೆಯ ಮಂತ್ರಿ ಮುಕ್ಕಾಲಿಯ ಮೇಲೆ ನಿಂತು ಬರೆದುಕೊಳ್ಳುತ್ತಾನೆ, ಹಾಗಾಗಿ ಎಲ್ಲರಿಗೂ ಅವಸರ. ಎಷ್ಟೋ ನಿರ್ಣಯಗಳು ಏನೆಂದು ನನಗೆ ಮರುದಿನ ಗೋಡೆಯ ಮೇಲೆ ಓದಿಯೇ ತಿಳಿದಿದ್ದು. ಕಿವಿಗೂ ಕೈಗೂ ನಡುವಿನ ದಾರಿಯೇ ಮುಚ್ಚಿಹೋಗಿತ್ತು. ಇದು ಗೊತ್ತಿದ್ದೇ ನಾನು ಅವತ್ತು ಒಂದು ಉಪಾಯ ಮಾಡಿದೆ. ಮೊದಲ ವಿಷಯ, ಅಗಲಿದ ಜನತೆಗೆ ಶ್ರದ್ಧಾಂಜಲಿ. ಎಲ್ಲರ ಜೊತೆ ಎತ್ತಿದೆ. ಎರಡನೆಯದು ಗೋಡೆಯನ್ನು ಇನ್ನೊಮ್ಮೆ ಹಿಂದಕ್ಕೆ ಕಟ್ಟುವುದು, ಎತ್ತಿದೆ. ಗವಿಸಿದ್ದಪ್ಪನವರು ಮೂರನೇ ಹಾಳೆ ತಿರುವಿದ ಕೂಡಲೇ ಬಲಗೈಯನ್ನು ತೊಡೆಯ ಕೆಳಗೆ ತೂರಿಸಿ ಅದರ ಮೇಲೆ ಭಾರ ಬಿಟ್ಟು ಕೂತೆ. ಎಪ್ಪತ್ತೆಂಟು ಕಿಲೋ ಇದ್ದೇನೆ, ಏಳುವುದಾದರೆ ಏಳಲಿ ನೋಡೋಣ ಎಂದು.

“ಮಂತ್ರಿ ದಂಪತಿಗಳ ಮಗಳಾದ ನಾಗವೇಣಿಯನ್ನು…” ಎಂದು ಓದಿದರು. ಸಭಾಂಗಣದ ಕೈಗಳೆಲ್ಲ ಸೊಂಯ್ ಎಂದು ಎದ್ದವು. ಮೂರು ಸಾಲು ಮುಂದೆ ಸಾಕಮ್ಮನ ಕೈಯನ್ನು ಹುಡುಕಿದೆ. ಬಳೆಗಳು ಮೊಣಕೈಗೆ ಜಾರಿದ್ದವು. ಅವಳ ಕೈ ಮೇಲಿತ್ತು. ಪಕ್ಕದ ಸರದಿ ಖಾತೆಯವನು ನನ್ನ ಕಡೆ ತಿರುಗಿದ, ಅವನ ಹಿಂದೆ ಇನ್ನೊಬ್ಬ ತಿರುಗಿದ, ಆಮೇಲೆ ಮೊದಲ ಸಾಲಿನವರು ಕುರ್ಚಿಯೊಂದಿಗೇ ತಿರುಗಿದರು. ಹಿಂದಿನ ದಿನದಿಂದ ಉಂಡಿಲ್ಲದ ಎಂಟುನೂರು ಕಣ್ಣುಗಳು. ಯಾರೂ ಬೈಯಲಿಲ್ಲ, ಹೆದರಿಸಲಿಲ್ಲ. ಬರೀ ಕಾದರು. ಬಲಗೈ ತೊಡೆಯ ಕೆಳಗೆ ಮರಗಟ್ಟಿ ಹೋಗಿತ್ತು, ಅದು ಏಳಲಿಲ್ಲ. ಎದ್ದದ್ದು ಎಡಗೈ. ನಿಯಮದಲ್ಲಿ ಯಾವ ಕೈ ಎಂದು ಬರೆದಿಲ್ಲ.

ಅದು ತಾನಾಗಿಯೇ ಎದ್ದಿತು, ಅಭ್ಯಾಸ ಬಲ ಎಂದು ಸಾಕಮ್ಮನಿಗೆ ಹೇಳಿದೆ, ಅವಳು ನಂಬಿದ ಹಾಗೆ ಮಾಡಿದಳು. ಇಲ್ಲಿ ನಿಜ ಹೇಳುತ್ತೇನೆ. ತಾನಾಗಿ ಏಳಲಿಲ್ಲ. ನಾನು ಎತ್ತಿದೆ. ಹೆದರಿಕೆಯಾಯಿತು, ಎತ್ತಿದೆ. ಅಷ್ಟು ಹೆದರಿಕೆಯ ನಡುವೆಯೂ ನನ್ನ ಮೂಗಿಗೆ ಬಿಸಿ ರೊಟ್ಟಿಯ ವಾಸನೆ ಬಂದಿತ್ತು ಎಂಬುದನ್ನೂ ಹೇಳಿಬಿಡುತ್ತೇನೆ. ಸಾಕಮ್ಮ ಹೇಳಿದ್ದು ಇಷ್ಟು: “ನೀವು ಎತ್ತಲ್ಲ ಅಂತ ಗೊತ್ತಿತ್ತಲ್ರೀ. ಒಂದು ಕೈ ಸಾಕು ಅಂತಿತ್ತು. ನಾನೂ ಎತ್ತದೆ ಹೋದ್ರೆ ಇಬ್ರಿಗೂ ಶಿಕ್ಷೆ ಆಗ್ತದೆ, ಮಗಳಿಗೆ ಒಬ್ರಾದ್ರೂ ಇರ್ಲಿ ಅಂತ…” ಅವಳು ನನ್ನನ್ನು ನಂಬಿ ಎತ್ತಿದ್ದಳು.

ಬಾಗಿಲು ತೆರೆದಾಗ ವೇಣಿ ಮೆಟ್ಟಿಲಿನಿಂದ ಎದ್ದು ಸೆರಗು ಸರಿಮಾಡಿಕೊಂಡಳು. ಗವಿಸಿದ್ದಪ್ಪನವರು ನಿರ್ಣಯವನ್ನು ಮೆಲ್ಲಗೆ, ಒಳ್ಳೆಯ ಧ್ವನಿಯಲ್ಲೇ ಓದಿದರು. ಸರ್ವಾನುಮತದಿಂದ ಎಂದು ಮುಗಿಸಿದರು. “ಎಲ್ರೂನಾ?” ಎಂದಳು ಹುಡುಗಿ. “ಸರ್ವಾನುಮತ ಅಂದ ಮೇಲೆ ಎಲ್ಲರೂ ತಾನೆ” ಎಂದರು. ಅವಳು ಅಮ್ಮನ ಕಡೆ ನೋಡಿದಳು, ಆಮೇಲೆ ನನ್ನ ಕಡೆ. ಅಳಲಿಲ್ಲ. ಲೆಕ್ಕದಲ್ಲಿ ಎಲ್ಲೋ ತಪ್ಪಿದೆ ಎಂದು ಹಿಂದಿನ ಪುಟ ತಿರುವುವವರ ಹಾಗೆ ನೋಡಿದಳು. ಸಾಕಮ್ಮ ಮುಂದೆ ಹೋಗುವಷ್ಟರಲ್ಲಿ ಸರದಿ ಖಾತೆಯವನು ನಮ್ಮ ನಡುವೆ ಗೆರೆ ಎಳೆದಾಗಿತ್ತು. ಅವಳನ್ನು ಅಲ್ಲಿಂದಲೇ ಜನತೆಯ ಮನೆಗೆ ಕರೆದೊಯ್ದರು.

ಮಧ್ಯಾಹ್ನದೊಳಗೆ ಒಲೆಗಳು ಹೊತ್ತಿದವು. ಊರಿನ ಮೇಲೆ ಹೊಗೆ ಎದ್ದಿತು, ಮಕ್ಕಳ ಅಳು ನಿಂತಿತು. ರೊಟ್ಟಿ ಖಾತೆಯ ಮಂತ್ರಿ ನಮ್ಮ ಮನೆಗೆ ಎಂದಿಗಿಂತ ಎರಡು ಮಾದರಿ ಹೆಚ್ಚು ಕಳಿಸಿದ. ಸಾಕಮ್ಮ ಮುಟ್ಟಲಿಲ್ಲ. ನಾನು ತಿಂದೆ.

ಮರುದಿನ ಹನ್ನೊಂದಕ್ಕೆ ಕಿಟಕಿ ತೆರೆದೆ. ಜನತೆ ಗೆರೆಯ ಹಿಂದೆ ಅರ್ಧ ಗಂಟೆ ಕಾದು ಬಂದಳು. ಹಾಲವ್ವನ ಕಂಬಳಿಯನ್ನೇ ಮಡಿಸಿ ಹೆಗಲಿಗೆ ಹಾಕಿಕೊಂಡಿದ್ದಳು. “ಜನತೆಯ ಅಹವಾಲೇನು?” ಎಂದೆ. ಬೈಯಲಿ ಎಂದು ಕಾದೆ. ಉಗಿಯಲಿ ಎಂದು ಕಾದೆ. ನನ್ನ ಅಪ್ಪ ಕೈ ಎತ್ತಿದ ಎಂದು ಬರೆಸಲಿ, ನಾನು ಆ ಮಾತನ್ನು ನಾನ್ನೂರು ಖಾತೆಗಳಿಗೂ ನಕಲು ಮಾಡಿ ಕಳಿಸುತ್ತೇನೆ ಎಂದುಕೊಂಡೆ.

“ಏನೂ ಇಲ್ಲ, ಸಂಗಾತಿ ಮಂತ್ರಿಗಳೇ” ಎಂದಳು. ಜನತೆ ಮಂತ್ರಿಗಳನ್ನು ಹಾಗೆ ಕರೆಯಬೇಕೆಂಬುದು ನಿಯಮ; ಹಾಲವ್ವ ಎಂದೂ ಕರೆದಿರಲಿಲ್ಲ.

ಪುಸ್ತಕದಲ್ಲಿ ‘ಇಲ್ಲ’ ಎಂದು ಬರೆದೆ. ಮನೆಗೆ ಬಂದರೆ ಸಾಕಮ್ಮ ಬಾಗಿಲಲ್ಲೇ ನಿಂತಿದ್ದಳು. ದಾರದ ಖಾತೆಗೂ ಜನತೆಗೂ ನೇರವಾಗಿ ಮಾತಿಗೆ ಎಡೆಯಿಲ್ಲ, ಮಗಳ ಧ್ವನಿ ಅವಳಿಗೆ ನನ್ನ ಮೂಲಕವೇ ಬರಬೇಕು. “ಏನಂದ್ಲು?” ಎಂದಳು. “ಏನೂ ಇಲ್ಲ ಅಂದ್ಲು” ಎಂದೆ. “ಹೆಂಗಂದ್ಲು? ಸಿಟ್ಟಲ್ಲಾ? ಸಪ್ಪಗಾ?” “ಬರೀ ಅಂದ್ಲು.” ಮರುದಿನವೂ ಅದೇ, ಅದರ ಮರುದಿನವೂ ಅದೇ. ಸಾಕಮ್ಮ ಪ್ರತಿ ಸಂಜೆ ಕೇಳಿದಳು, ನಾನು ಪ್ರತಿ ಸಂಜೆ ಹೇಳಿದೆ. ಬರಬರುತ್ತ ಆ ಎರಡು ಪದಗಳಲ್ಲೇ ನಾವು ಮಗಳನ್ನು ಹುಡುಕತೊಡಗಿದೆವು. ಇವತ್ತು ನೆಗಡಿಯಿತ್ತಾ, ಇವತ್ತು ಸ್ವಲ್ಪ ನಿಧಾನವಾಗಿ ಅಂದಳಾ, ‘ಏನೂ’ ಎನ್ನುವಾಗ ಕಣ್ಣೆತ್ತಿ ನೋಡಿದಳಾ.

ನಾಲ್ಕನೇ ತಿಂಗಳಿನಲ್ಲಿ ಗವಿಸಿದ್ದಪ್ಪನವರು ನನ್ನ ಪುಸ್ತಕ ತರಿಸಿಕೊಂಡು ಪುಟ ತಿರುವಿದರು. “ಒಂದು ಅಹವಾಲೂ ಇಲ್ಲ! ಇತಿಹಾಸದಲ್ಲೇ ಇಲ್ಲ ಇದು” ಎಂದರು. ಅವರು ವ್ಯಂಗ್ಯವಾಡುವವರಲ್ಲ, ನಿಜವಾಗಿ ಸಂತೋಷಪಟ್ಟಿದ್ದರು. ನೂರು ದಿನ ತುಂಬಿದರೆ ನನ್ನನ್ನು ಉಪಾಧ್ಯಕ್ಷನನ್ನಾಗಿ ಮಾಡುವುದೆಂದೂ, ಅಹವಾಲು ಕಿಟಕಿಯ ಅಗತ್ಯವೇ ತೀರಿದ್ದರಿಂದ ಅದನ್ನು ಇಟ್ಟಿಗೆ ಇಟ್ಟು ಮುಚ್ಚುವುದೆಂದೂ ಹೇಳಿದರು. ತೊಂಬತ್ತೆಂಟು ದಿನ ಆಗಿತ್ತು.

ಮರುದಿನ ಸರದಿ ಖಾತೆಯವನಿಗೆ ಸುಣ್ಣ ತರಲು ಹೇಳಿ ಆಚೆ ಕಳಿಸಿದೆ. ಕಿಟಕಿಯಿಂದ ಅರ್ಧ ಮೈ ಹೊರಗೆ ಚಾಚಿ, “ವೇಣಿ, ಏನಾದ್ರೂ ಒಂದು ಹೇಳವ್ವ. ಉಪ್ಪು ಜಾಸ್ತಿ ಅನ್ನು. ಚಪ್ಪಲಿ ಕಚ್ತದೆ ಅನ್ನು. ಇಲ್ಲದಿದ್ರೆ ಈ ಕಿಟಕಿ ಮುಚ್ತಾರೆ. ನಿನ್ನ ಮಾತು ಕೇಳೋಕೆ ನಮಗೆ ಇದೊಂದೇ ಇರೋದು. ನಿಮ್ಮಮ್ಮ ಸತ್ತುಹೋಗ್ತಾಳೆ” ಎಂದೆ. ಇಪ್ಪತ್ತಾರು ವರ್ಷ ಕೂತ ಕುರ್ಚಿಯಲ್ಲಿ ನಾನು ಮೊದಲ ಸಲ ಅತ್ತೆ. ಅವಳು ಮುಖವೆತ್ತಿದಳು. ತುಟಿ ಅಲುಗಿತು. ಅಪ್ಪ ಎನ್ನುತ್ತಾಳೆ ಎಂದುಕೊಂಡೆ.

“ಜನತೆಗೆ ಏನೂ ಅಹವಾಲಿಲ್ಲ” ಎಂದಳು. “ಇದ್ದಿದ್ದನ್ನ ಮೆಟ್ಟಿಲ ಮೇಲೆ ಕೂತಾಗ ಹೇಳಿದ್ದೆ.”

ಒಂದನೇ ತಾರೀಖು ಸಭೆಯಲ್ಲಿ ನನ್ನ ಬಡ್ತಿಗೆ ಎಲ್ಲ ಕೈಗಳೂ ಎದ್ದವು. ನನ್ನದೂ ಎದ್ದಿತು, ಈ ಸಲ ಬಲಗೈ. ಈಗ ನನ್ನದು ಮೊದಲ ಸಾಲು, ಕುರ್ಚಿಗೆ ಹತ್ತಿಯ ಮೆತ್ತೆ. ದಾರಿಯಲ್ಲಿ ಅವಳು ಎದುರಾದರೆ ಜನತೆಗೆ ನಮಸ್ಕಾರ ಎಂದು ಟೋಪಿ ಮುಟ್ಟುತ್ತೇನೆ, ಅವಳು ತಲೆಬಾಗಿ ಪಕ್ಕಕ್ಕೆ ಸರಿಯುತ್ತಾಳೆ. ಸುಟ್ಟ ಇಟ್ಟಿಗೆ ಖಾತೆಯವರು ಕಿಟಕಿ ಮುಚ್ಚಿ ಮೇಲೆ ಗಾರೆ ಬಳಿದು ಹೋದರು, ಒಳ್ಳೆಯ ಕೆಲಸ, ಎಲ್ಲಿತ್ತೆಂದೂ ತಿಳಿಯುವುದಿಲ್ಲ. ಸಂಜೆ ನಾನು ಮನೆಗೆ ಹೋದರೆ ಸಾಕಮ್ಮ ಮೊದಲಿನ ಹಾಗೇ ಬಾಗಿಲಿಗೆ ಬರುತ್ತಾಳೆ, ಬಂದು ಚೌಕಟ್ಟು ಹಿಡಿದು ನಿಲ್ಲುತ್ತಾಳೆ, ಕೇಳುವುದಿಲ್ಲ. ಏನೂ ಇಲ್ಲ ಅಂದಳು ಎಂದು ಹೇಳುವುದಕ್ಕೂ ನನ್ನ ಹತ್ತಿರ ಈಗ ಏನೂ ಇಲ್ಲ.